ಹುಳಿಯ ಗಟ್ಟಿ ಯಾರ ತಟ್ಟೆಗೆ?

ಹೊಸದಾಗಿ ಏನನ್ನೂ ಕೊಂಡು ತರಬೇಕಿಲ್ಲ. ಮನೆಯಲ್ಲಿ ಬಡಿಸುವ ಸರದಿ ಬದಲಾಗಲಿ ಎಂಬುದಷ್ಟೇ ಈ ಮನವಿ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡೆದ್ದ ಮೇಲೆಯೇ ಹೆಂಗಸರು ಕೂರುವುದು. ಅಷ್ಟು ಹೊತ್ತಿಗೆ ಪಾತ್ರೆಯ ತಳದ ಬೇಳೆ, ಕಾಳು ಎಲ್ಲ ಬಳಿದಾಗಿರುತ್ತದೆ. ಉಳಿದ ತಿಳಿಗೆ ಅನ್ನ ಕಲಸಿ, ಮೇಲಿಷ್ಟು ನೀರುಮಜ್ಜಿಗೆ ಸುರಿದುಕೊಂಡರೆ ಸೊಸೆಯ ಊಟವೂ ಆಯಿತು, ಅತ್ತೆಯದೂ ಆಯಿತು. ‘ನನಗಿಷ್ಟು ಸಾಕು’ ಎಂಬ ಮಾತು ಬೇರೆ.

ಸಾಲುವುದಿಲ್ಲ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ವಯಸ್ಕರಿಗೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಗಂಡಸಿಗೆ 54 ಗ್ರಾಂ, 55 ಕಿಲೋ ಹೆಂಗಸಿಗೆ ಸುಮಾರು 46. ಬಸುರಿಯಾದರೆ ಕೊನೆಯ ಮೂರು ತಿಂಗಳು ಅದರ ಮೇಲೆ ಇನ್ನೂ 22 ಗ್ರಾಂ. ಅಂದರೆ ಮನೆಯ ಯಜಮಾನನಿಗಿಂತ ಹೆಚ್ಚು ಬೇಕಾದವಳಿಗೆ ಎಲ್ಲರಿಗಿಂತ ಕಡಿಮೆ ಬಡಿಸುತ್ತಿದ್ದೇವೆ.

ವಯಸ್ಸಾದವರ ಕಥೆ ಇನ್ನೂ ಗಂಭೀರ. ಹರೆಯದಲ್ಲಿ ಹೆಣ್ಣಿನ ದೇಹ ಜಾಣ ಗೃಹಿಣಿಯಂತೆ: ದೀರ್ಘ ಹೊತ್ತು ದುಡಿಯುವಾಗ ಗಂಡಸರಿಗಿಂತ ಹೆಚ್ಚು ಕೊಬ್ಬು ಉರಿಸಿ, ಪ್ರೋಟೀನನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಈ ಗುಣಕ್ಕೆ ಈಸ್ಟ್ರೋಜೆನ್ ದೊಡ್ಡ ಕಾರಣ. ಮುಟ್ಟು ನಿಂತ ಮೇಲೆ ಆ ಹಾರ್ಮೋನೇ ಇಳಿದುಹೋಗುತ್ತದೆ. 65ರಿಂದ 80 ವಯಸ್ಸಿನವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, ಆಹಾರ ಕೊಟ್ಟ ಮೇಲೆ ಗಂಡಸರ ಸ್ನಾಯುಗಳಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗ ಏರಿತು, ಹೆಂಗಸರಲ್ಲಿ ಏರಲಿಲ್ಲ. ಅಜ್ಜಿ ನೆಲಕ್ಕೆ ಕೈ ಊರದೆ ಏಳಲಾರಳು ಎಂದರೆ ಎಲ್ಲರೂ ಮಂಡಿಯನ್ನೇ ದೂರುತ್ತೇವೆ. ತೊಡೆಯ ಸ್ನಾಯು ಕರಗಿದ್ದನ್ನು ನೋಡುವವರಿಲ್ಲ.

ಆದ್ದರಿಂದ ಇವತ್ತಿನ ರಾತ್ರಿಯಿಂದಲೇ ಮೊದಲ ಸೌಟು ಗಟ್ಟಿ ಹುಳಿ ಅಮ್ಮನಿಗೆ, ಅಜ್ಜಿಗೆ, ಬಸುರಿಗೆ ಬೀಳಲಿ. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು. ಅದರಲ್ಲಿ ಸುಮಾರು 6 ಗ್ರಾಂ ಇದೆ. ತಿನ್ನದಿದ್ದರೆ ಒಂದು ಹಿಡಿ ಕಡಲೆಕಾಯಿ ಬೀಜ ಅಷ್ಟನ್ನೇ ಕೊಡುತ್ತದೆ. ಹುರುಳಿ, ಹೆಸರುಕಾಳು, ಗಟ್ಟಿ ಮೊಸರು ಇದ್ದೇ ಇವೆ. ಟೀವಿಯಲ್ಲಿ ಬರುವ ಪೌಡರ್ ಡಬ್ಬಿಯ ಹಂಗು ಬೇಡ. ಜೊತೆಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ದಿನಾ ಹತ್ತು ಸಲ ಮಾಡಿಸಿ. ದುಡಿಯದ ಸ್ನಾಯುವಿಗೆ ಎಷ್ಟು ಉಣಿಸಿದರೂ ಅಷ್ಟಕ್ಕಷ್ಟೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಿಕೊಳ್ಳಬೇಕು.

ಹಳ್ಳಿಯ ಅತ್ತೆ-ಮಾವಂದಿರಲ್ಲಿ ಇನ್ನೊಂದು ಕೋರಿಕೆ. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಶುರುವಾಯಿತು. ‘ನಾಲ್ಕು ಜನರೆದುರು ಕೂತು ಉಣ್ಣುವುದೇ?’ ಎಂದು ಸೊಸೆಯನ್ನು ತಡೆಯಬೇಡಿ. ಅವಳು ಅಲ್ಲಿ ಉಂಡು ಬಂದಳೆಂದು ರಾತ್ರಿಯ ಬೇಳೆಯಲ್ಲಿ ಅವಳ ಪಾಲನ್ನು ಕಡಿಮೆ ಮಾಡಲೂಬೇಡಿ.