ಬುರ್ಖಾದ ಅಂಚಿನ ಕರಿ ಕಲೆ



ಮೋಟಾರ್ ಬೈಕಿನ ವಿಷಯ ಎಂದೊಡನೆ ಮನೆಯ ಹೆಂಗಸರು ಪುಟ ತಿರುಗಿಸಿಬಿಡುತ್ತಾರೆ. ದಯವಿಟ್ಟು ಈ ತಿಂಗಳು ಹಾಗೆ ಮಾಡಬೇಡಿ. ಗಾಡಿಯ ಹ್ಯಾಂಡಲ್ ಹಿಡಿಯುವವರು ಗಂಡಸರೇ ಇರಬಹುದು. ಆದರೆ ಅದು ಕೆಡುತ್ತಿದೆ ಎಂಬ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಹಿಂದಿನ ಸೀಟಿನಲ್ಲಿ ಕೂತವರಿಗೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ, ಪೆಟ್ಟು ತಿಂದು ಕಲಿತೆ.

ನಮ್ಮದು ಬಂಗಾರಪೇಟೆ ತಾಲೂಕಿನ ಕಾಮಸಮುದ್ರ. ಆಂಧ್ರ, ತಮಿಳುನಾಡು ಎರಡರ ಗಡಿಯೂ ಇಲ್ಲಿಗೆ ದೂರವಲ್ಲ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಜನರ ದುಡಿಮೆಯ ದಿಕ್ಕು ಬೆಂಗಳೂರಿನ ಕಡೆಗೆ ತಿರುಗಿತು. ಬೆಳಗಿನ ಕತ್ತಲಲ್ಲಿ ಬೈಕಿನಲ್ಲಿ ಹೊರಟು, ಬಂಗಾರಪೇಟೆ ಸ್ಟೇಷನ್ ಬಳಿ ಗಾಡಿ ನಿಲ್ಲಿಸಿ, ರೈಲು ಹತ್ತಿ ಹೋದವರು ವಾಪಸಾಗುವಾಗ ಮತ್ತೆ ಕತ್ತಲೆ. ಅಷ್ಟು ಹೊತ್ತೂ ಗಾಡಿ ಬಿಸಿಲಲ್ಲಿ ಒಣಗುತ್ತಿರುತ್ತದೆ. ಊರಲ್ಲೇ ಉಳಿದವರ ಗಾಡಿಗಾದರೂ ಬಿಡುವು ಇದೆಯೇ? ಡೈರಿಗೆ ಹಾಲಿನ ಕ್ಯಾನು, ಹೊಲಕ್ಕೆ ಗೊಬ್ಬರದ ಮೂಟೆ, ಮಾರುಕಟ್ಟೆಗೆ ಟೊಮೆಟೊ, ಸಂಜೆ ಹೆಂಡತಿ ಮಕ್ಕಳು. ಎಲ್ಲವೂ ಆ ಎರಡು ಚಕ್ರದ ಮೇಲೆಯೇ. ರೈಲು ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತದೆ ಎನ್ನುವ ಅವಸರದಲ್ಲಿ ಟೈರು ಮುಟ್ಟಿ ನೋಡುವವರು ಯಾರು? ನಾನಂತೂ ನೋಡುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಬಂಗಾರಪೇಟೆಯಲ್ಲಿ ಒಂದು ಮದುವೆ ಮುಗಿಸಿ, ಮಗ್ರಿಬ್ ಆದ ಮೇಲೆ ನಾನೂ ಪತ್ನಿಯೂ ಊರಿಗೆ ಹೊರಟಿದ್ದೆವು. ಗಾಡಿಯಿಂದ ಹದಿನೈದು ದಿನಗಳಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಕೇಳಿ ಕೇಳಿ ನನ್ನ ಕಿವಿಗೆ ಅದು ಅಭ್ಯಾಸವಾಗಿತ್ತು. ಕಾಡಂಚಿನ ಏರು ರಸ್ತೆಯಲ್ಲಿ ಹಿಂಚಕ್ರ ಒಮ್ಮೆಲೇ ಜಗ್ಗಿದಂತಾಗಿ ಗಾಡಿ ನಿಂತಿತು. ಪತ್ನಿ ಎಡಕ್ಕೆ ಜಾರಿ ಬಿದ್ದರು. ಏರಾದ್ದರಿಂದ ವೇಗವಿರಲಿಲ್ಲ, ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಾಗಲಿಲ್ಲ. ಬುರ್ಖಾದ ಅಂಚು ಒಂದು ಗೇಣು ಹರಿದು ಚೈನಿನೊಳಗೆ ಸುತ್ತಿಕೊಂಡಿತ್ತು. ಆ ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದು ಬಟ್ಟೆ ಎಳೆಯುತ್ತಾ ಕೂತಿದ್ದಾಗ ಹಾಲಿನ ಟೆಂಪೋ ಒಂದು ಬಂತು. ಅದರ ಡ್ರೈವರ್ ಇಳಿಯುತ್ತಲೇ, "ಸಾಬ್ರೇ, ಇಲ್ಲಿ ಕೂತ್ಕೊಂಡು ರಿಪೇರಿ ಮಾಡ್ತಿದ್ದೀರಾ? ನಿನ್ನೆ ಆನೆಗಳು ಕೆರೆಗೆ ಇಳಿದಿದ್ವು. ಮೊದಲು ಹತ್ತಿ" ಎಂದು ಗಾಡಿಯನ್ನೂ ನಮ್ಮನ್ನೂ ಹತ್ತಿಸಿಕೊಂಡ.

ಮನೆಗೆ ಬಂದ ಮೇಲೆ ಪತ್ನಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಎರಡು ವಾರದಿಂದ ಬುರ್ಖಾದ ಅಂಚಿಗೆ ಕರಿ ಕಲೆ ಬರ್ತಿತ್ತು. ಉಜ್ಜಿ ಉಜ್ಜಿ ಸಾಕಾಗಿತ್ತು. ಹೇಳಿದ್ರೆ ಗಾಡಿ ವಿಷಯ ನಿನಗೇನು ಗೊತ್ತು ಅಂತೀರಿ ಅಂತ ಸುಮ್ಮನಿದ್ದೆ."

ಹೌದು, ಹಾಗೆಯೇ ಅನ್ನುತ್ತಿದ್ದೆ.

ಮರುದಿನ ರಿಪೇರಿ ಅಂಗಡಿಯ ಉಸ್ತಾದ್ ಗಾಡಿ ನೋಡಿದರು. (ನಮ್ಮೂರಲ್ಲಿ ಮಕ್ಕಳು ನನ್ನನ್ನು ಹಜ್ರತ್ ಎನ್ನುತ್ತಾರೆ. ಉಸ್ತಾದ್ ಎಂಬ ಗೌರವ ಮಾತ್ರ ಗಾಡಿ ಬಿಚ್ಚುವವರಿಗೇ ಮೀಸಲು.) ಚೈನು ಸಡಿಲವಾಗಿ ಕವರಿನ ಒಳಗೋಡೆಗೆ ಬಡಿಯುತ್ತಿತ್ತು. ನಾನು ಕೇಳುತ್ತಿದ್ದ ಟಕ್ ಟಕ್ ಸದ್ದು ಅದೇ. ಬಡಿದು ಬಡಿದು ಕವರಿನ ಬೋಲ್ಟು ಸಡಿಲಾಗಿ, ಕವರು ಜೋತು ಬಿದ್ದು, ನಡುವೆ ಸಂದು ಬಿಟ್ಟಿತ್ತು. ಆ ಸಂದಿನಿಂದ ಹೊರಬಂದ ಗ್ರೀಸೇ ಬುರ್ಖಾದ ಮೇಲಿನ ಕಲೆ. ಕಲೆಯಾದ ದಾರಿಯಲ್ಲೇ ಬಟ್ಟೆಯೂ ಒಳಗೆ ಹೋಯಿತು.

ನಮ್ಮಲ್ಲಿ ಓಡುವ ಹೆಚ್ಚಿನ 100, 125 ಸಿಸಿ ಬೈಕುಗಳಲ್ಲಿ ಚೈನು ಎಡಗಡೆಗಿದೆ. ಹೆಂಗಸರು ಒಂದೇ ಕಡೆ ಕಾಲು ಹಾಕಿ ಕೂರುವುದೂ ಎಡಕ್ಕೇ. ಅಂದರೆ ಸೀರೆಯ ಸೆರಗು, ದುಪಟ್ಟಾ, ಬುರ್ಖಾದ ಅಂಚು ಇವೆಲ್ಲ ಇಳಿಬೀಳುವುದು ನೇರವಾಗಿ ಚೈನು ಮತ್ತು ಚಕ್ರದ ಕಡ್ಡಿಗಳ ಮೇಲೆ. ಇದಕ್ಕಾಗಿಯೇ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಮೂರು ವಸ್ತುಗಳನ್ನು ಕಡ್ಡಾಯ ಮಾಡಿದೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ. ಈ ಮೂರನೆಯದನ್ನೇ ನಾವು ಸೀರೆ ಗಾರ್ಡ್ ಎನ್ನುವುದು. ನಮ್ಮ ಹುಡುಗರು ಹೊಸ ಗಾಡಿ ತಂದ ವಾರದಲ್ಲೇ ಬಿಚ್ಚಿ ಅಟ್ಟಕ್ಕೆ ಎಸೆಯುವುದೂ ಇದನ್ನೇ. ಗಾಡಿ ಚೆಂದ ಕಾಣುವುದಿಲ್ಲವಂತೆ! ತಾಯಂದಿರೇ, ನಿಮ್ಮ ಮಗನ ಬೈಕಿನಲ್ಲಿ ಅದು ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಹಿಂದೆ ಕೂರುವುದಿಲ್ಲ ಎಂದು ಹಟ ಹಿಡಿಯಿರಿ. ಅಂಚು ಚಕ್ರಕ್ಕೆ ಸಿಕ್ಕರೆ ಬಟ್ಟೆ ಹರಿಯಬಹುದು, ಆಳು ಬೀಳಬಹುದು. ಕುತ್ತಿಗೆಗೆ ಸುತ್ತಿದ ದುಪಟ್ಟಾ ಸಿಕ್ಕರೆ ಪ್ರಾಣವೇ ಹೋಗುತ್ತದೆ. ಕೂತ ಕೂಡಲೇ ಅಂಚನ್ನು ಎಳೆದು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಸವಾರರು ಅದನ್ನು ತಿರುಗಿ ನೋಡಿದ ಮೇಲೆಯೇ ಗೇರ್ ಹಾಕಲಿ.

ಇನ್ನು ಚೈನನ್ನು ನೋಡುವ ಬಗೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ಬಂದ್ ಮಾಡಿ. ಪೂರ್ತಿ ಮುಚ್ಚಿದ ಕವರಿನ ಗಾಡಿಗಳಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ತೆಗೆದರೆ ಬೆರಳು ಹಾಕಿ ಚೈನನ್ನು ಮೇಲೆ ಕೆಳಗೆ ಅಲ್ಲಾಡಿಸಬಹುದು. ಸಾಮಾನ್ಯವಾಗಿ ಎರಡರಿಂದ ಮೂರು ಸೆಂಟಿಮೀಟರ್ ಅಲ್ಲಾಡಬೇಕು. ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಪುಸ್ತಕದಲ್ಲಿದೆ. ಚಕ್ರವನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಿ, ಏಕೆಂದರೆ ಹಳೆಯ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ. ಎಂಜಿನ್ ಓಡಿಸಿ, ಗೇರಿಗೆ ಹಾಕಿ ಚೈನು ಒರೆಸುವ ಅಥವಾ ಎಣ್ಣೆ ಹಾಕುವ ಕೆಲಸವನ್ನು ಯಾರೂ ಮಾಡಬೇಡಿ. ಚಿಂದಿ ಬಟ್ಟೆಯ ಜೊತೆ ಬೆರಳೂ ಹಲ್ಲುಚಕ್ರಕ್ಕೆ ಹೋಗುತ್ತದೆ. ಮಕ್ಕಳನ್ನು ಆಗ ಹತ್ತಿರ ಬಿಡಲೇಬೇಡಿ.

ಬಿಗಿ ಮಾಡುವಾಗ ಎರಡೂ ಕಡೆಯ ಗುರುತಿನ ಗೆರೆಗಳು ಸಮವಾಗಿರಬೇಕು. ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಚೈನು ಬಿಗಿ ಮಾಡಿದರೆ ಚಕ್ರ ಹಿಂದೆ ಸರಿದು ಹಿಂದಿನ ಬ್ರೇಕೂ ಬಿಗಿಯಾಗುತ್ತದೆ. ಅದನ್ನು ಮತ್ತೆ ಸಡಿಲಿಸಬೇಕೆಂಬುದನ್ನು ಮನೆಯಲ್ಲೇ ಸ್ಪ್ಯಾನರ್ ಹಿಡಿಯುವವರು ಮರೆಯುತ್ತಾರೆ. ಚೈನ್ ಲಾಕಿನ ಕ್ಲಿಪ್ಪಿಗೆ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ. ಸುಮಾರು 500 ಕಿಲೋಮೀಟರಿಗೊಮ್ಮೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ ಚೈನಿನ ಎಣ್ಣೆ ಹಾಕಿ. ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ ಬೇಡ. ಕೆಜಿಎಫ್ ಕಡೆ ಓಡಾಡುವವರಿಗೆ ಇದು ಇನ್ನೂ ಬೇಗ ಬೇಕಾಗುತ್ತದೆ. ಗಾಳಿಯ ದಿನಗಳಲ್ಲಿ ಸೈನೈಡ್ ದಿಬ್ಬಗಳ ಧೂಳು ಚೈನಿಗೂ ಅಂಟುತ್ತದೆ, ಏರ್ ಫಿಲ್ಟರಿಗೂ ತುಂಬುತ್ತದೆ. ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ಇನ್ನೊಂದು ಕಾಟ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುಲ್ಲು ಚಕ್ರದ ನಡುವೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ರೈತರಿಗೆ ಬೇರೆ ಕಣವಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಅದರ ಮೇಲೆ ಬ್ರೇಕ್ ಹಾಕದೆ ನಿಧಾನವಾಗಿ ದಾಟಿ, ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸುತ್ತಿದ್ದನ್ನು ಬಿಡಿಸಿ.

ಬ್ರೇಕಿನ ವಿಷಯದಲ್ಲಿ ಜನ ಸದ್ದಿಗೆ ಕಾಯುತ್ತಾರೆ. ಕಿರ್ ಎನ್ನುವ ಹೊತ್ತಿಗೆ ಲೈನರ್ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿರಬಹುದು. ಡ್ರಮ್ಮಿನ ಮೇಲೆ ಸಣ್ಣ ಬಾಣದ ಗುರುತಿದೆ. ಬ್ರೇಕ್ ಪೂರ್ತಿ ಒತ್ತಿದಾಗ ಆ ಬಾಣ ಕೊನೆಯ ಗೆರೆ ಮುಟ್ಟಿದರೆ ಶೂ ಬದಲಿಸುವ ಕಾಲ ಬಂತು ಎಂದರ್ಥ. ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡಲ್ ಬಳಿಯ ಡಬ್ಬಿಯಲ್ಲಿ ದ್ರವ ಕೆಳಗಿನ ಗೆರೆಗಿಂತ ಮೇಲಿರಬೇಕು. ಅದು ಇಳಿದಿದ್ದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡೂ ಮೆಕ್ಯಾನಿಕ್ ನೋಡಬೇಕಾದ ಕೆಲಸ, ಮನೆಯಲ್ಲಿ ತುಂಬಿಸಿ ಸುಮ್ಮನಾಗುವ ಕೆಲಸವಲ್ಲ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಅಥವಾ ಅದರ ಬದಲಿಗೆ ಎಬಿಎಸ್, ಇರಲೇಬೇಕು. ಅದಕ್ಕಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ಸೇ ಕಡ್ಡಾಯ. ಇವುಗಳ ಕೇಬಲನ್ನು ಅಂದಾಜಿನಲ್ಲಿ ತಿರುವಬೇಡಿ. ಗಾಡಿ ತೊಳೆದ ಮೇಲೆ, ಮಳೆಯಲ್ಲಿ ನೀರು ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಹಿಡಿದು ಒಣಗಿಸಿಕೊಳ್ಳಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ನೋಡುವುದೇ ಸರಿ. ಓಡಿ ಬಿಸಿಯಾದ ಟೈರು ಹೆಚ್ಚು ಒತ್ತಡ ತೋರಿಸುತ್ತದೆ. 100 ಸಿಸಿ ಗಾಡಿಗಳಿಗೆ ಮುಂದಿನ ಟೈರಿಗೆ 25ರ ಆಸುಪಾಸು, ಒಬ್ಬರೇ ಓಡಿಸುವಾಗ ಹಿಂದಿನದಕ್ಕೆ 28ರ ಆಸುಪಾಸು ಪೌಂಡ್ ಸಾಮಾನ್ಯ. ಹಿಂದೆ ಇನ್ನೊಬ್ಬರು ಕೂತರೆ ಇದು ಸಾಲದು, ಕಂಪನಿ ಹೇಳುವ ಲೆಕ್ಕ ಬಹಳ ಮೇಲಕ್ಕೆ ಹೋಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಈ ಲೆಕ್ಕದ ಚೀಟಿ ಗಾಡಿಯ ಮೇಲೆಯೇ ಅಂಟಿಸಿದೆ. ಪಂಕ್ಚರ್ ಅಂಗಡಿಯವರು ಹೆಬ್ಬೆರಳಲ್ಲಿ ಒತ್ತಿ "ಸಾಕು ಹಜ್ರತ್" ಎಂದರೆ ಒಪ್ಪಬೇಡಿ, ಮೀಟರ್ ಹಿಡಿಸಿ. ಸ್ಟೇಷನ್ ಬಳಿ ದಿನವಿಡೀ ಬಿಸಿಲಲ್ಲಿ ನಿಲ್ಲುವ ಗಾಡಿಗಳ ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಮೇಲಿನ ಗೆರೆಗಳು ಚೆನ್ನಾಗಿವೆ ಎಂದು ಅದನ್ನು ಕಡೆಗಣಿಸಬಾರದು.

ದೀಪದ ಬಗ್ಗೆ ಬೇರೆ ಊರಿನವರಿಗಿಂತ ನಮ್ಮೂರಿನವರಿಗೆ ಹೆಚ್ಚು ಹೇಳಬೇಕು. ಗಡಿಯಾಚೆಯ ಕಾಡುಗಳಿಂದ ಆನೆಗಳು ಕಾಮಸಮುದ್ರ ಹೋಬಳಿಗೆ ಬಂದು ಹೋಗುವುದು ಇಲ್ಲಿ ಹೊಸ ಸುದ್ದಿಯಲ್ಲ. ಬೆಳೆಯೂ ಹೋಗಿದೆ, ಜೀವಗಳೂ ಹೋಗಿವೆ. ರಾತ್ರಿಯಲ್ಲಿ ಆನೆಯ ಮೈಬಣ್ಣಕ್ಕೂ ಕತ್ತಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಮಂಕು ಹೆಡ್‌ಲೈಟಿನವರಿಗೆ ಅದು ಕಾಣುವಾಗ ನಿಲ್ಲಿಸಲು ಜಾಗವೇ ಉಳಿದಿರುವುದಿಲ್ಲ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಎಂಜಿನ್ ಚಾಲೂ ಇರುವಾಗಲೆಲ್ಲ ಹೆಡ್‌ಲೈಟ್ ಉರಿಯುತ್ತದೆ. ಹಗಲಲ್ಲಿ ಅದು ಆರಿದ್ದರೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಸಂಜೆ ಗೋಡೆಯೆದುರು ಗಾಡಿ ನಿಲ್ಲಿಸಿ ಡಿಮ್, ಬ್ರೈಟ್ ಎರಡೂ ನೋಡಿ. ಪತ್ನಿಯನ್ನು ಹಿಂದೆ ಕೂರಿಸಿಕೊಂಡೇ ನೋಡಿ, ಏಕೆಂದರೆ ಹಿಂದೆ ಭಾರ ಬಿದ್ದಾಗ ಬೆಳಕು ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಬ್ರೇಕ್ ಲೈಟ್ ಮತ್ತು ಇಂಡಿಕೇಟರ್ ನೋಡಲು ಮಕ್ಕಳನ್ನು ಗಾಡಿಯ ಹಿಂದೆ ದೂರದಲ್ಲಿ ನಿಲ್ಲಿಸಿ ಕೂಗಲು ಹೇಳಿ. ನನ್ನ ಮಗಳಿಗೆ ಇದು ಪ್ರತಿ ಶುಕ್ರವಾರದ ಆಟ.

ಹೆಲ್ಮೆಟಿನ ಬಗ್ಗೆ ಸಾಕಷ್ಟು ಕೇಳಿದ್ದೀರಿ. 2021ರ ಜೂನ್‌ನಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ 2016ರಿಂದ ಅದು ಕಡ್ಡಾಯ. ಬುರ್ಖಾದ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಂಗಡಿಗೆ ಬುರ್ಖಾ ಧರಿಸಿಯೇ ಹೋಗಿ, ಸ್ಕಾರ್ಫಿನ ಮೇಲೆ ಹಾಕಿ ನೋಡಿ, ಸರಿಯಾದ ಅಳತೆ ಆರಿಸಿ, ಪಟ್ಟಿ ಬಿಗಿದು ತಲೆ ಅಲ್ಲಾಡಿಸಿ ನೋಡಿ. ಸ್ಕಾರ್ಫಿನ ಪಿನ್ನು ಮಾತ್ರ ಹೆಲ್ಮೆಟಿನ ಒಳಗೆ ಬರದಿರಲಿ. ಹೆಲ್ಮೆಟ್ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ಇನ್ನು ಒಂದೇ ಬೈಕಿನಲ್ಲಿ ಐದು ಜನ ದಾವತ್ತಿಗೆ ಹೋಗುವವರಿದ್ದಾರಲ್ಲ, ಅವರ ಗಾಡಿಯಲ್ಲಿ ಯಾವ ಬ್ರೇಕು, ಯಾವ ಟೈರು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಅದು ಇಬ್ಬರಿಗಾಗಿ ಮಾಡಿದ ವಾಹನ.

ಎಂಜಿನ್ ಆಯಿಲ್ ಅನ್ನು ಸಮತಟ್ಟು ನೆಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಬದಲಾಯಿಸುವುದನ್ನು ಪುಸ್ತಕದ ಲೆಕ್ಕದಂತೆ ಮಾಡಿ. ಇನ್ಶೂರೆನ್ಸ್, ಹೊಗೆ ತಪಾಸಣೆಯ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಇವು ತಾವಾಗಿಯೇ ನಡೆಯುತ್ತವೆ, ಹೆಚ್ಚು ಹೇಳಬೇಕಿಲ್ಲ.

ನಮ್ಮ ಮನೆಯಲ್ಲಿ ಈಗ ಒಗೆಯಲು ಹಾಕುವ ಮೊದಲು ಬುರ್ಖಾದ ಎಡಗಡೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುವ ರೂಢಿಯಾಗಿದೆ. ಕಲೆ ಕಂಡರೆ ಪತ್ನಿ ಅದನ್ನು ಉಜ್ಜುವುದಿಲ್ಲ, ತಂದು ನನ್ನ ಮುಂದೆ ಇಡುತ್ತಾರೆ. ಕಳೆದ ತಿಂಗಳು ಹಾಗೆ ಇಟ್ಟರು. ಹೋಗಿ ನೋಡಿದರೆ ಚೈನ್ ಕವರಿನ ಹಿಂದಿನ ಬೋಲ್ಟು ಅರ್ಧ ಸುತ್ತು ಸಡಿಲಾಗಿತ್ತು. ಹತ್ತನೇ ನಂಬರಿನ ಸ್ಪ್ಯಾನರ್ ಸಾಕಾಯಿತು.