ಸೂಪರ್‌ಚಾರ್ಜರ್ ಪೋಲ್: ನೀವು ಒತ್ತಿದ್ದು ತಪ್ಪು ಬಟನ್

1/8
ಮೊನ್ನೆ ಸ್ಟೋರೀಲಿ ಒಂದು ಪೋಲ್ ಹಾಕಿದ್ದೆ, ನೆನಪಿದೆ ಅಲ್ವಾ? ಡಲ್ಲಾಸ್‌ನಲ್ಲಿರೋ ನಮ್ಮ ದೊಡ್ಡಪ್ಪನ ಮಗ ತನ್ನ 2016ರ ಮಸ್ಟ್ಯಾಂಗ್ ಜಿಟಿಗೆ ಸೂಪರ್‌ಚಾರ್ಜರ್ ಹಾಕಿಸ್ತಾನಂತೆ, ಯಾವುದು ಒಳ್ಳೇದು ಅಂತ. ಎ: ಸೆಂಟ್ರಿಫ್ಯೂಗಲ್ ಕಿಟ್. ಬಿ: ಇಂಜಿನ್ ತಲೆ ಮೇಲೆ ಕೂರೋ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಕಿಟ್. ಎ ಕಿಟ್‌ನ ಜಾಹೀರಾತಲ್ಲಿ ಬಿಗಿಂತ 50 ಹಾರ್ಸ್‌ಪವರ್ ಜಾಸ್ತಿ ಬರೆದಿತ್ತು. ಅಷ್ಟೇ ಸಾಕಾಯ್ತು ನಿಮಗೆ. ಬಹುಪಾಲು ಜನ ಎ ಒತ್ತಿದ್ರಿ. "ನಂಬರ್ ಜಾಸ್ತಿ ಇರೋದು ತಗೋ ಗುರು, ಯೋಚನೆ ಯಾಕೆ" ಅಂತ ಕಾಮೆಂಟು ಬೇರೆ.

ಯೋಚನೆ ಯಾಕೆ ಅಂತ ಹೇಳ್ತೀನಿ, ಓದಿ. ಅದು ಅಣ್ಣನ ಭಾನುವಾರದ ಆಟಿಕೆ ಅಲ್ಲ. ದಿನಾ ಆಫೀಸಿಗೆ ಹೋಗೋದು ಅದರಲ್ಲೇ, ಮನೇಲಿ ಬೇರೆ ಕಾರಿಲ್ಲ. ಕಿಟ್‌ಗೆ ಹಾಕ್ತಿರೋದು ಎರಡು ವರ್ಷ ಕೂಡಿಟ್ಟ ದುಡ್ಡು. ನಿಮ್ಮ ಪೋಲ್ ನೋಡಿ ಅವನೂ ಎ ಕಡೆಗೇ ವಾಲಿದಾನೆ. ಸೋಮವಾರ ಆರ್ಡರ್ ಹಾಕ್ತಾನಂತೆ. ಅವನ ದುಡ್ಡಲ್ಲಿ ನಾವು ವೋಟು ಹಾಕಿದೀವಿ. ಅದಕ್ಕೇ ಇಷ್ಟುದ್ದ ಬರೀತಿದೀನಿ.

2/8
ಮೊದಲು ಇದು ಏನು ಅಂತ ಎರಡು ಮಾತು. ಇಂಜಿನ್ ಒಳಗೆ ಜಾಸ್ತಿ ಗಾಳಿ ತುರುಕಿದರೆ ಜಾಸ್ತಿ ಪೆಟ್ರೋಲ್ ಸುಡಬಹುದು, ಜಾಸ್ತಿ ಶಕ್ತಿ ಬರುತ್ತೆ. ಟರ್ಬೊ ಆ ಕೆಲಸವನ್ನ ಹೊಗೆಯ ಬಲದಿಂದ ಮಾಡುತ್ತೆ. ಸೂಪರ್‌ಚಾರ್ಜರ್ ಬೆಲ್ಟ್ ಹಾಕಿಕೊಂಡು ಇಂಜಿನ್ನಿನ ಶಕ್ತಿಯಿಂದಲೇ ತಿರುಗುತ್ತೆ. ಅಂದ್ರೆ ಪುಕ್ಕಟೆ ಅಲ್ಲ. 2015ರಲ್ಲಿ 707 ಎಚ್‌ಪಿ ಜೊತೆ ಬಂದ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಪೂರ್ತಿ ಒತ್ತಿದಾಗ ಸೂಪರ್‌ಚಾರ್ಜರ್ ತಿರುಗಿಸೋಕೇ ಸುಮಾರು 80 ಎಚ್‌ಪಿ ಹೋಗುತ್ತೆ. ಒಂದು ಸ್ವಿಫ್ಟ್ ಇಂಜಿನ್ನಿನ ಶಕ್ತಿ ಬರೀ ಬೆಲ್ಟಿಗೆ!

ಜಾತಿ ಮೂರು. ರೂಟ್ಸ್: ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಮಾಡಿದ್ದು. ಆಗ ಕಾರೇ ಇರಲಿಲ್ಲ, ಅದು ಕುಲುಮೆಗೆ ಗಾಳಿ ಊದೋ ಯಂತ್ರ. ಟ್ವಿನ್ ಸ್ಕ್ರೂ: ಸ್ವೀಡನ್ನಿನ ಎಂಜಿನಿಯರ್ ಲೀಸ್‌ಹೋಮ್ 1930ರ ದಶಕದಲ್ಲಿ ಬೆಳೆಸಿದ್ದು. ಎರಡು ಸ್ಕ್ರೂಗಳು ಒಂದಕ್ಕೊಂದು ಹೆಣೆದುಕೊಂಡು ಗಾಳಿಯನ್ನ ಒಳಗೇ ಹಿಂಡುತ್ತವೆ. ಈ ಎರಡಕ್ಕೂ ಸೇರಿ ಹೆಸರು ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್. ಪ್ರತಿ ಸುತ್ತಿಗೂ ಇಷ್ಟು ಗಾಳಿ ಅಂತ ಅಳೆದು ಕೊಡುತ್ತೆ, ಸೇರಿನಲ್ಲಿ ಅಕ್ಕಿ ಅಳೆದ ಹಾಗೆ. ಮೂರನೇದು ಸೆಂಟ್ರಿಫ್ಯೂಗಲ್: ಟರ್ಬೊದಲ್ಲಿರೋ ಥರದ್ದೇ ಚಕ್ರ, ಬೆಲ್ಟಿಂದ ತಿರುಗುತ್ತೆ. ಇದು ಅಳೆದು ಕೊಡಲ್ಲ, ವೇಗದಿಂದ ಬೀಸಿ ಎಸೆಯುತ್ತೆ. ಬರೀ ಈ ಒಂದು ವ್ಯತ್ಯಾಸದ ಮೇಲೇ ನನ್ನ ಜಗಳ ನಿಂತಿರೋದು.

3/8
ಈಗ ಲೆಕ್ಕ. ಕ್ಯಾಲ್ಕ್ಯುಲೇಟರ್ ತೆಗೀರಿ.

ಸೆಂಟ್ರಿಫ್ಯೂಗಲ್ ಕೊಡೋ ಒತ್ತಡ ಹೆಚ್ಚುಕಮ್ಮಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 7,000 ಆರ್‌ಪಿಎಂನಲ್ಲಿ 8 ಪಿಎಸ್‌ಐ ಕೊಡೋ ಕಿಟ್ಟು, ಅರ್ಧ ವೇಗದಲ್ಲಿ ಅಂದ್ರೆ 3,500ರಲ್ಲಿ ಅರ್ಧ ಕೊಡಲ್ಲ, ಕಾಲು ಭಾಗ ಕೊಡುತ್ತೆ. 2 ಪಿಎಸ್‌ಐ. ಹೊರಗಿನ ಗಾಳಿಯ ಒತ್ತಡ 14.7 ಅಂತ ಇಟ್ಕೊಂಡ್ರೆ ಅದು ಬರೀ 14% ಏರಿಕೆ. ಅದೇ 8 ಪಿಎಸ್‌ಐಗೆ ಸೆಟ್ ಮಾಡಿದ ಬಿ ಕಿಟ್ಟು 3,500ರಲ್ಲೇ ತನ್ನ ಒತ್ತಡದ ಬಹುಪಾಲನ್ನ ತಂದು ಇಟ್ಟಿರುತ್ತೆ. ಹತ್ತಿರ ಹತ್ತಿರ 50% ಏರಿಕೆ.

ಅಣ್ಣ ಓಡಿಸೋದು ಯಾವ ಆರ್‌ಪಿಎಂನಲ್ಲಿ? ಅವನದ್ದು 6 ಸ್ಪೀಡ್ ಮ್ಯಾನುಯಲ್, ಹಿಂದಿನ ಆಕ್ಸಲ್ ರೇಶಿಯೊ 3.55. ಹೈವೇಲಿ ಗಂಟೆಗೆ 70 ಮೈಲಿ, ಆರನೇ ಗೇರು: ಇಂಜಿನ್ ಸುಮಾರು 2,000. ಸಿಗ್ನಲ್ಲಿಂದ ಎದ್ದು ಹೋಗೋದು, ಲೇನ್ ಸೇರೋದು, ಓವರ್‌ಟೇಕು ಎಲ್ಲ 2,000ದಿಂದ 4,500ರ ಒಳಗೆ.

ಜಾಹೀರಾತಿನ ಆ ದೊಡ್ಡ ನಂಬರ್ ಬರೋದು 7,000ದ ಹತ್ತಿರ. 7,000 ಅಂದ್ರೆ ಎರಡನೇ ಗೇರಲ್ಲಿ ಗಂಟೆಗೆ ಸುಮಾರು 105 ಕಿಲೋಮೀಟರ್. ಮೂರನೇ ಗೇರಲ್ಲಿ 150. ಯಾವ ರಸ್ತೇಲಿ, ಯಾವ ಪೊಲೀಸ್ ಎದುರಿಗೆ, ದಿನಕ್ಕೆ ಎಷ್ಟು ಸೆಕೆಂಡ್ ಅಲ್ಲಿ ಇರ್ತಾನೆ ಅವನು? ನೀವು ವೋಟು ಹಾಕಿದ 50 ಎಚ್‌ಪಿ ಇರೋದು ಆ ಸೆಕೆಂಡುಗಳಲ್ಲಿ ಮಾತ್ರ.

4/8
ನಮ್ಮ ಬಿಕಾಂ ಮಕ್ಕಳಿಗೆ ಇದು ಬೇಗ ಅರ್ಥ ಆಗಬೇಕಿತ್ತು. ವಿಂಡೋ ಡ್ರೆಸಿಂಗ್ ಓದಿದೀವಿ ತಾನೇ? ಮಾರ್ಚ್ 31ಕ್ಕೆ ಸರಿಯಾಗಿ ಸಾಲಗಾರರಿಂದ ವಸೂಲಿ ಮಾಡಿ, ಬಿಲ್ಲುಗಳನ್ನ ಮುಂದಕ್ಕೆ ತಳ್ಳಿ, ಬ್ಯಾಲೆನ್ಸ್ ಶೀಟಲ್ಲಿ ನಗದು ತುಂಬಿ ತೋರಿಸೋದು. ಡೈನೊ ಶೀಟಿನ ಗರಿಷ್ಠ ನಂಬರ್ ಕೂಡ ಅದೇ. ಒಂದು ದಿನದ ಫೋಟೋ. ಅಂಗಡಿ ನಡೆಯೋದು ಉಳಿದ 364 ದಿನದ ಗಲ್ಲಾಪೆಟ್ಟಿಗೆ ಮೇಲೆ. ಕಾರಿನ ಗಲ್ಲಾಪೆಟ್ಟಿಗೆ ಅಂದ್ರೆ ಡೈನೊ ಗ್ರಾಫಿನ ಗೆರೆಯ ಕೆಳಗಿರೋ ಜಾಗ, ಅದರಲ್ಲೂ ನೀವು ದಿನಾ ಓಡಾಡೋ ಆರ್‌ಪಿಎಂ ಭಾಗ. ಗೆರೆಯ ತುದಿ ಎಷ್ಟು ಎತ್ತರ ಅನ್ನೋದಲ್ಲ.

ನನ್ನ ಮಾತು ನಂಬಬೇಡಿ, ವಾರಂಟಿ ಕೊಟ್ಟವರನ್ನ ನೋಡಿ. ಡಾಡ್ಜ್ ಹೆಲ್‌ಕ್ಯಾಟ್: ಟ್ವಿನ್ ಸ್ಕ್ರೂ. 2020ರ ಶೆಲ್ಬಿ ಜಿಟಿ500, 760 ಎಚ್‌ಪಿ: ಈಟನ್ ಕಂಪನಿಯ 2.65 ಲೀಟರ್ ರೂಟ್ಸ್ ಜಾತಿ. ಶೆವರ್ಲೆ ಕಮಾರೊ ಜ಼ೆಡ್‌ಎಲ್1, 650 ಎಚ್‌ಪಿ: ಅದೂ ಈಟನ್, ಬರೀ 1.7 ಲೀಟರಿನದು. ರಸ್ತೆ ಕಾರು ಮಾರಿ, ಕೆಟ್ಟರೆ ತಾವೇ ರಿಪೇರಿ ಮಾಡಿಕೊಡಬೇಕಾದ ಈ ಮೂರೂ ಕಂಪನಿಗಳು ಸೆಂಟ್ರಿಫ್ಯೂಗಲ್ ಆರಿಸಲಿಲ್ಲ. ಅವರಿಗೆ ದೊಡ್ಡ ನಂಬರ್ ಮೇಲೆ ಆಸೆ ಇರಲಿಲ್ಲ ಅಂತೀರಾ?

5/8
"ನಿಲ್ಲು ಮಗಾ, ಸೆಂಟ್ರಿಫ್ಯೂಗಲ್ ತಣ್ಣಗಿರುತ್ತೆ" ಅಂತ ಮೆಕ್ಯಾನಿಕಲ್ ಓದೋ ಫ್ರೆಂಡ್ ಒಬ್ಬ ಮೆಸೇಜ್ ಹಾಕಿದ. ಸರಿ, ಒಪ್ತೀನಿ. ಅದರ ಚಕ್ರದ ದಕ್ಷತೆ ಜಾಸ್ತಿ. ತೂಕ ಕಡಿಮೆ. ಇಂಜಿನ್ ಪಕ್ಕದಲ್ಲಿ ಕೂರೋದರಿಂದ ಫಿಟ್ಟಿಂಗ್ ಸುಲಭ. ಕೆಳಗಿನ ಆರ್‌ಪಿಎಂನಲ್ಲಿ ಮೆತ್ತಗಿರೋದರಿಂದ ಹಿಂದಿನ ಟೈರು ಸುಮ್ಮನೆ ತಿರುಗಲ್ಲ. ಟ್ರ್ಯಾಕಿಗೆ ಹೋಗಿ ಇಡೀ ದಿನ 5,000ದ ಮೇಲೇ ಓಡಿಸೋರಿಗೆ ನಾನೂ ಅದನ್ನೇ ಹೇಳ್ತೀನಿ.

ಬಿ ಕಿಟ್‌ನ ನಿಜವಾದ ಶತ್ರು ಬಿಸಿ. ಗಾಳಿ ಹಿಂಡಿದರೆ ಬಿಸಿ ಆಗುತ್ತೆ, ಸೈಕಲ್ ಪಂಪ್ ಮುಟ್ಟಿ ನೋಡಿ. ಡಲ್ಲಾಸ್ ಬೇಸಿಗೇಲಿ 40 ಡಿಗ್ರಿ ಗಾಳಿ ಒಳಗೆ ಹೋಯ್ತು ಅನ್ನಿ. 8 ಪಿಎಸ್‌ಐಗೆ ಹಿಂಡಿದಾಗ, 65% ದಕ್ಷತೆಯ ಯಂತ್ರದಿಂದ ಸುಮಾರು 104 ಡಿಗ್ರಿಯಲ್ಲಿ ಹೊರಗೆ ಬರುತ್ತೆ, 75% ಇದ್ದರೆ 95ರಲ್ಲಿ. ನೋಡಿದ್ರಾ? ವ್ಯತ್ಯಾಸ ಇದೆ, ಆದ್ರೆ ಎರಡೂ ಕಡೆ ನೀರು ಕುದಿಯೋ ಹತ್ತಿರದ ಬಿಸಿಯೇ. ಯಾವುದೇ ಜಾತಿ ಇರಲಿ, ಇಂಟರ್‌ಕೂಲರ್ ಇಲ್ಲದೆ ರಸ್ತೆಗೆ ಇಳಿಯೋ ಮಾತೇ ಇಲ್ಲ.

ಟ್ರಾಫಿಕ್ಕಲ್ಲಿ ನಿಂತಾಗ ಇಂಜಿನ್ ಮೇಲೆ ಕೂತ ಯಂತ್ರ ಕಾವಲಿ ಥರ ಕಾಯುತ್ತೆ ಅನ್ನೋದೂ ನಿಜ. ಅದಕ್ಕೆ ಮದ್ದು: ಇಂಟರ್‌ಕೂಲರ್ ನೀರನ್ನ ತಂಪು ಮಾಡೋಕೆ ಮುಂದೆ ಕೂರೋ ದೊಡ್ಡ ರೇಡಿಯೇಟರು, ಒಳ್ಳೆ ಪಂಪು, ಮತ್ತೆ ಬೂಸ್ಟ್ ವಿಷಯದಲ್ಲಿ ಸಂಯಮ. ಇನ್ನು ಆರಾಮಾಗಿ ಹೋಗುವಾಗ ಬೈಪಾಸ್ ವಾಲ್ವ್ ತೆರೆದುಕೊಂಡು ಗಾಳಿಯನ್ನ ಸುಮ್ಮನೆ ಸುತ್ತಿಸುತ್ತೆ, ಒತ್ತಡ ಕಟ್ಟಲ್ಲ. ಆ 80 ಎಚ್‌ಪಿ ಥರದ ಖರ್ಚು ಪೂರ್ತಿ ಒತ್ತಿದಾಗ ಮಾತ್ರ, ದಿನವಿಡೀ ಅಲ್ಲ.

6/8
ಬಿ ಅಂತ ಒಪ್ಪಿದವರೂ ಮಾಡೋ ತಪ್ಪು ಒಂದಿದೆ: ಪುಲ್ಲಿ. ಸೂಪರ್‌ಚಾರ್ಜರ್‌ನ ಪುಲ್ಲಿ ಚಿಕ್ಕದು ಮಾಡಿದರೆ ಅದು ಇನ್ನೂ ಜೋರಾಗಿ ತಿರುಗುತ್ತೆ, ಬೂಸ್ಟ್ ಏರುತ್ತೆ. ಪುಲ್ಲಿಗೆ ದುಡ್ಡು ಕಡಿಮೆ, ಬದಲಿಸೋಕೂ ಹೆಚ್ಚು ಹೊತ್ತು ಬೇಡ. ಅದಕ್ಕೇ ಅಪಾಯ.

ಅಣ್ಣನ ಇಂಜಿನ್ನಿನ ಕಂಪ್ರೆಷನ್ ರೇಶಿಯೊ 11:1. ಸೂಪರ್‌ಚಾರ್ಜರ್ ಇಲ್ಲದೆ ಓಡಲಿ ಅಂತ ಮಾಡಿದ ಇಂಜಿನ್ ಅದು. ಅದರ ಮೇಲೆ ಬೂಸ್ಟ್ ಏರಿಸ್ತಾ ಹೋದರೆ, ಕಿಡಿ ಹಚ್ಚಿದ ಬೆಂಕಿ ಹರಡೋ ಮೊದಲೇ ಉಳಿದ ಮಿಶ್ರಣ ತಾನೇ ಸಿಡಿಯುತ್ತೆ. ಅದೇ ನಾಕಿಂಗ್. ಪಿಸ್ಟನ್ ಮೇಲೆ ಸುತ್ತಿಗೆ ಏಟು. ಅದನ್ನ ತಡೆಯೋದು ಪೆಟ್ರೋಲಿನ ಆಕ್ಟೇನು ಮತ್ತು ಟ್ಯೂನಿಂಗು.

ಇಲ್ಲಿ ಇನ್ನೊಂದು ಬಲೆ ಇದೆ. ಅಮೆರಿಕದ ಬಂಕಲ್ಲಿ ಬರೆದಿರೋ 91, 93 ನಂಬರು ಎರಡು ಬಗೆಯ ಪರೀಕ್ಷೆಯ ಸರಾಸರಿ. ನಮ್ಮಲ್ಲಿ ಹೇಳೋದು ಬರೀ ರಿಸರ್ಚ್ ಆಕ್ಟೇನ್ ಅನ್ನೋ ಒಂದು ಪರೀಕ್ಷೆಯ ನಂಬರು, ಅದು ಯಾವಾಗಲೂ ದೊಡ್ಡದಾಗಿ ಕಾಣುತ್ತೆ. ಅವರ 91 ಅಂದ್ರೆ ನಮ್ಮ ಲೆಕ್ಕದಲ್ಲಿ 95-96ರ ಹತ್ತಿರ. ಆದ್ದರಿಂದ "91 ಆಕ್ಟೇನ್ ಸಾಕು" ಅಂತ ಅಮೆರಿಕದ ವಿಡಿಯೊದಲ್ಲಿ ಕೇಳಿ ಇಲ್ಲಿನ 91 ಸುರಿದರೆ ಇಂಜಿನ್ ತಕ್ಷಣ ಬುದ್ಧಿ ಕಲಿಸುತ್ತೆ. ಅಣ್ಣನಿಗೆ ಟೆಕ್ಸಾಸಲ್ಲಿ 93 ಸಿಗುತ್ತೆ. ಆದರೂ ನಾನು ಹೇಳೋದು 6ರಿಂದ 8 ಪಿಎಸ್‌ಐ, ಕಿಟ್ ಜೊತೆ ಬಂದ ಪುಲ್ಲಿ, ಅಲ್ಲಿಗೆ ನಿಲ್ಲಿಸು.

7/8
ಈಗ ಕಾಸ್ಟ್ ಶೀಟ್. ಕಿಟ್ ಸುಮಾರು 8,000 ಡಾಲರ್. ಅಣ್ಣನ ಹತ್ತಿರ ಇರೋದೂ ಹೆಚ್ಚುಕಮ್ಮಿ ಅಷ್ಟೇ. ನೀವೆಲ್ಲ ಅಲ್ಲಿಗೆ ಲೆಕ್ಕ ಮುಗಿಸಿದ್ರಿ. ಅದು ಬರೀ ಡೈರೆಕ್ಟ್ ಮೆಟೀರಿಯಲ್ ಗುರು, ಉಳಿದದ್ದು ಎಲ್ಲಿ?

ಆಯಿಲ್ ಪಂಪ್ ಗೇರು: ಈ ಇಂಜಿನ್ನಿಗೆ ಕಂಪನಿ ಹಾಕಿರೋದು ಲೋಹದ ಪುಡಿ ಒತ್ತಿ ಮಾಡಿದ ಗೇರು. ಸೂಪರ್‌ಚಾರ್ಜರ್ ಹಾಕಿದ ಮಸ್ಟ್ಯಾಂಗ್‌ಗಳಲ್ಲಿ ಅದು ಬಿರುಕು ಬಿಡೋದು ಆ ಲೋಕದಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಅದು ಒಡೆದರೆ ಆಯಿಲ್ ಒತ್ತಡ ಸೊನ್ನೆ, ಇಂಜಿನ್ ಮುಗೀತು. ಗಟ್ಟಿ ಉಕ್ಕಿನ ಗೇರು ಸಿಗುತ್ತೆ, ಆದರೆ ಹಾಕೋಕೆ ಇಂಜಿನ್ನಿನ ಮುಂಭಾಗ ಪೂರ್ತಿ ಬಿಚ್ಚಬೇಕು. ಗೇರಿಗಿಂತ ಕೂಲಿ ಜಾಸ್ತಿ. ಆಮೇಲೆ ಕ್ಲಚ್ಚು. ಟೈರು. ಬ್ರೇಕ್ ಪ್ಯಾಡು, ಯಾಕಂದ್ರೆ ಜಾಸ್ತಿ ವೇಗ ತಗೊಂಡೋನು ನಿಲ್ಲಬೇಕೂ ಕೂಡ. ಡೈನೊ ಮೇಲೆ ಇಟ್ಟು ಆ ಕಾರಿಗೇ ಅಂತ ಮಾಡಿಸೋ ಟ್ಯೂನಿಂಗು. ಇನ್ಶೂರೆನ್ಸ್‌ನವರಿಗೆ ಹೇಳಿದಾಗ ಏರೋ ಕಂತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಜ್ಜಿ ಹೇಳ್ತಿದ್ದದ್ದು ಇದಕ್ಕೇ. ಕಿಟ್‌ನ ಬೆಲೆಯ ಅರ್ಧದಷ್ಟು ದುಡ್ಡು ಪಕ್ಕಕ್ಕಿಡೋಕೆ ಆಗಲ್ಲ ಅಂದ್ರೆ ನಿಮ್ಮ ಹತ್ತಿರ ಸೂಪರ್‌ಚಾರ್ಜರ್ ದುಡ್ಡಿಲ್ಲ ಅಂತಲೇ ಅರ್ಥ. ಈ ವರ್ಷ ಟೈರು, ಬ್ರೇಕು, ಕ್ಲಚ್ಚು. ಮುಂದಿನ ವರ್ಷ ಕಿಟ್ಟು. ಅಣ್ಣನಿಗೂ ಇದೇ ಹೇಳಿದೆ. "ನೀನಿನ್ನೂ ಚಿಕ್ಕೋನು" ಅಂದ. ಇರಬಹುದು ಅಣ್ಣಾ, ಆದ್ರೆ ಕೂಡಿಸಿದ ಲೆಕ್ಕ ಚಿಕ್ಕದಲ್ಲ.

8/8
ಇನ್ನು ನಮ್ಮೂರಿನ ವಿಷಯ. ಪೋಲ್ ಆದ್ಮೇಲೆ "ನನ್ನ ಕಾರಿಗೆ ಆನ್‌ಲೈನಲ್ಲಿ ಸಿಗೋ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಹಾಕ್ಲಾ" ಅಂತ ನಾಲ್ಕೈದು ಜನ ಕೇಳಿದ್ರಿ. ಕೆಲವು ಸಾವಿರಕ್ಕೆ ಸಿಗೋ ಪುಟ್ಟ ಫ್ಯಾನು ಅದು. 1.2 ಲೀಟರ್ ಇಂಜಿನ್ 6,000 ಆರ್‌ಪಿಎಂನಲ್ಲಿ ಎಳೆಯೋ ಗಾಳಿಗೆ ಏಳೆಂಟು ಪಿಎಸ್‌ಐ ಒತ್ತಡ ಕೊಡೋಕೆ ಸುಮಾರು 3 ಕಿಲೋವ್ಯಾಟ್ ಬೇಕು. 12 ವೋಲ್ಟ್ ಬ್ಯಾಟರಿಯಿಂದ 250 ಆಂಪಿಯರ್. ಆ ಫ್ಯಾನಿಗೆ ಕೊಟ್ಟಿರೋ ವೈರು ಎಷ್ಟು ದಪ್ಪ ಇದೆ, ನೀವೇ ನೋಡಿ. ಗಾಳಿ ತಳ್ಳೋದಿರಲಿ, ಹೋಗೋ ದಾರಿಗೇ ಅಡ್ಡ ಕೂರುತ್ತೆ.

ನಿಜವಾದ ಕಿಟ್ ತರಿಸ್ತೀನಿ ಅನ್ನೋರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅಪಘಾತ ಆದ ದಿನ ಇನ್ಶೂರೆನ್ಸ್‌ನವರು ಬಾನೆಟ್ ತೆಗೆದು ನೋಡಿದ್ರೆ ರೀಲ್ಸ್‌ನ ಲೈಕು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಹೊಸ ಪೋಲ್ ಸ್ಟೋರೀಲಿದೆ. ಎ: ಹಳೇದೇ, ದೊಡ್ಡ ನಂಬರ್. ಬಿ: 8 ಪಿಎಸ್‌ಐ ಮೀರದ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್, ಉಳಿದ ಖರ್ಚು ಕೈಲಿ ಇದ್ದಾಗ. ಸಿ: ಈ ವರ್ಷ ಟೈರು, ಬ್ರೇಕು, ಕ್ಲಚ್ಚು ಮಾತ್ರ. ನನ್ನ ವೋಟು ಸಿ, ಮುಂದಿನ ವರ್ಷಕ್ಕೆ ಬಿ. ಒಪ್ಪದೋರು ಕಾಮೆಂಟಲ್ಲಿ ಬೈಯಿರಿ, ಆದ್ರೆ ಆರ್‌ಪಿಎಂ ಹಾಕಿ ಬೈಯಿರಿ. ಭಾನುವಾರ ರಾತ್ರಿವರೆಗೆ ಟೈಮಿದೆ. ಅಣ್ಣ ಪ್ರತಿ ಕಾಮೆಂಟೂ ಓದ್ತಾನೆ.

#ಸೂಪರ್‌ಚಾರ್ಜರ್ #ಮಸ್ಟ್ಯಾಂಗ್‌ಜಿಟಿ #ಕನ್ನಡಕಾರುಲೋಕ #ಬಿಕಾಂಲೆಕ್ಕ