ಪಿಂಕರ್ಟನ್‌ನ ಕಣ್ಣೀರು ಯಾರಿಗೆ ಬೇಕು?

ಹುಡುಗಿಗೆ ಹದಿನೈದು ವರ್ಷ. ನಾಗಸಾಕಿಯ ಗುಡ್ಡದ ಮೇಲಿನ ಮನೆಯನ್ನು ಅಮೆರಿಕದ ನೌಕಾಪಡೆಯ ಅಧಿಕಾರಿ ಪಿಂಕರ್ಟನ್ 999 ವರ್ಷಕ್ಕೆ ಗುತ್ತಿಗೆ ಹಿಡಿದಿದ್ದಾನೆ. ಬೇಡವೆನಿಸಿದರೆ ಯಾವ ತಿಂಗಳು ಬೇಕಾದರೂ ಕೈಬಿಡಬಹುದು. ಅವಳೊಂದಿಗಿನ ಮದುವೆಗೂ ಅದೇ ಕರಾರು. ಪುಚ್ಚೀನಿಯ ‘ಮಡಾಮ ಬಟರ್‌ಫ್ಲೈ’ ಶುರುವಾಗುವುದೇ ಈ ವ್ಯವಹಾರದಿಂದ.

ಈ ಒಪೆರಾವನ್ನು ಇಂದು ಹೇಗೆ ಆಡಬೇಕೆಂಬ ಜಗಳ ಕೆಲವು ವರ್ಷಗಳಿಂದ ಜೋರಾಗಿದೆ. ಅಮೆರಿಕದಲ್ಲಿ ಏಷ್ಯಾ ಮೂಲದವರ ಮೇಲೆ ಹಲ್ಲೆಗಳು ಹೆಚ್ಚಿದ್ದ 2021ರಲ್ಲಿ ಬಾಸ್ಟನ್ ಲಿರಿಕ್ ಒಪೆರಾ ತನ್ನ ಪ್ರಯೋಗವನ್ನು ಮುಂದಕ್ಕೆ ಹಾಕಿತು. 2023ರಲ್ಲಿ ಫಿಲ್ ಚಾನ್ ಅವರ ನಿರ್ದೇಶನದಲ್ಲಿ ಅದು ರಂಗಕ್ಕೆ ಬಂದಾಗ ಕಥೆ 1940ರ ದಶಕದ ಸ್ಯಾನ್‌ಫ್ರಾನ್ಸಿಸ್ಕೋಗೂ, ಜಪಾನಿ ಮೂಲದವರನ್ನು ಕೂಡಿಹಾಕಿದ ಶಿಬಿರಕ್ಕೂ ಸ್ಥಳಾಂತರವಾಗಿತ್ತು. ಲಂಡನ್ನಿನ ರಾಯಲ್ ಒಪೆರಾ 2022ರಲ್ಲಿ ಜಪಾನಿ ತಜ್ಞರನ್ನು ಕೂರಿಸಿಕೊಂಡು ತನ್ನ ಹಳೆಯ ಪ್ರಯೋಗದ ಬಣ್ಣ, ಉಡುಪು, ನಡಿಗೆಗಳನ್ನು ತಿದ್ದಿಕೊಂಡಿತು. ಮ್ಯಾಥ್ಯೂ ಒಜಾವಾ ಅವರ ಪ್ರಯೋಗದಲ್ಲಂತೂ ಇಡೀ ಜಪಾನ್, ಕಣ್ಣಿಗೆ ಯಂತ್ರ ಕಟ್ಟಿಕೊಂಡು ಗೇಮ್ ಆಡುವ ಪಿಂಕರ್ಟನ್‌ನ ಕಲ್ಪನಾಲೋಕ.

ಇದನ್ನೆಲ್ಲ ಕಂಡು ರಸಿಕರಲ್ಲಿ ಒಂದು ವರ್ಗ ಸಿಡಿಮಿಡಿಗೊಂಡಿದೆ. ಪುಚ್ಚೀನಿ ಬರೆದದ್ದನ್ನು ಮುಟ್ಟಬೇಡಿ ಎಂಬುದು ಅವರ ವಾದ. ಯಾವ ಪುಚ್ಚೀನಿಯನ್ನು ಮುಟ್ಟಬಾರದು ಎಂದು ನಾನು ಕೇಳುತ್ತೇನೆ.

1904ರ ಫೆಬ್ರವರಿ 17ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಈ ಒಪೆರಾ ಮೊದಲು ಕಂಡಾಗ ಪ್ರೇಕ್ಷಕರು ಕೂಗಾಡಿ, ಪ್ರಾಣಿಪಕ್ಷಿಗಳ ದನಿ ಹೊರಡಿಸಿ ಗೇಲಿ ಮಾಡಿದರು. ಒಂದೇ ಪ್ರದರ್ಶನಕ್ಕೆ ಪುಚ್ಚೀನಿ ಅದನ್ನು ಹಿಂತೆಗೆದುಕೊಂಡ. ತಿದ್ದಿದ ರೂಪ ಅದೇ ಮೇ 28ರಂದು ಬ್ರೆಶಾ ಊರಿನಲ್ಲಿ ಗೆದ್ದಿತು. 1906ರಲ್ಲಿ ಪ್ಯಾರಿಸ್ಸಿಗಾಗಿ ಇನ್ನಷ್ಟು ತಿದ್ದುಪಡಿ ನಡೆಯಿತು. ಈ ತಿದ್ದುಪಡಿಗಳಲ್ಲಿ ಆದದ್ದೇನು ಎಂಬುದನ್ನು ಗಮನಿಸಬೇಕು. ಮೊದಲ ರೂಪದ ಪಿಂಕರ್ಟನ್ ಮನೆಯ ಆಳುಗಳ ಹೆಸರನ್ನೂ ಕೇಳಿಸಿಕೊಳ್ಳದೆ, ಮೂತಿ ಒಂದು, ಮೂತಿ ಎರಡು ಎಂದು ಎಣಿಸುವ ದುರಹಂಕಾರಿ. ಆ ಕೊಬ್ಬನ್ನು ಆಮೇಲೆ ಒರೆಸಿಹಾಕಲಾಯಿತು. ಬ್ರೆಶಾದಲ್ಲಿ ಅವನಿಗೆ ಪಶ್ಚಾತ್ತಾಪದ ಹಾಡೊಂದನ್ನು ಕೊಡಲಾಯಿತು. ಮೂರು ವರ್ಷ ಕಾದವಳ ಮುಖ ನೋಡುವ ಧೈರ್ಯವಿಲ್ಲದೆ ಓಡಿಹೋಗುವವನು, ಓಡುವ ಮುನ್ನ ಇಂಪಾಗಿ ಹಾಡುತ್ತಾನೆ. ಸಭಾಂಗಣ ಚಪ್ಪಾಳೆ ತಟ್ಟುತ್ತದೆ.

ನಮಗೆ ಇದು ಹೊಸ ಕಥೆಯಲ್ಲ. ಮಹಾಭಾರತದ ದುಷ್ಯಂತ ತುಂಬಿದ ಸಭೆಯಲ್ಲಿ, ಎಲ್ಲ ನೆನಪಿದ್ದೂ, ಶಕುಂತಲೆಯನ್ನು ಅರಿಯೆನೆಂದವನು. ಕಾಳಿದಾಸ ದೂರ್ವಾಸರ ಶಾಪ ತಂದು, ಉಂಗುರ ಕಳೆಸಿ, ಅರಸನ ಮೇಲಿನ ಕಳಂಕ ತೊಳೆದ. ನಾಟಕ ಅಪೂರ್ವವಾಯಿತು, ನಿಜ. ಮಗನ ಕೈಹಿಡಿದು ಬಂದು ರಾಜಸಭೆಯನ್ನೇ ದಬಾಯಿಸಿದ ಆ ಹೆಣ್ಣಿನ ದನಿ ಮಾತ್ರ ತಗ್ಗಿತು. ಬಟರ್‌ಫ್ಲೈಗೆ ಆದದ್ದೂ ಅದೇ.

ಹಾಗಾಗಿ ರಂಗಸಜ್ಜಿಕೆ, ಕಾಲ, ಊರು ಬದಲಿಸುವವರೊಂದಿಗೆ ನನಗೆ ತಕರಾರಿಲ್ಲ. ಬಿಳಿ ನಟಿಯ ಕಣ್ಣಿಗೆ ಓರೆ ಗೆರೆ ಎಳೆದು, ತುಸು ಬಾಗಿಸಿ ಪುಟ್ಟ ಹೆಜ್ಜೆ ಇಡಿಸಿದರೆ ಜಪಾನ್ ಆಯಿತು ಎಂದುಕೊಂಡಿದ್ದ ಕಾಲ ಮುಗಿಯಲೇಬೇಕಿತ್ತು. ತಕರಾರಿರುವುದು ದುರಂತವನ್ನೇ ತಿದ್ದಲು ಹೊರಟವರ ಮೇಲೆ. 2018ರಲ್ಲಿ ಫ್ಲಾರೆನ್ಸ್‌ನಲ್ಲಿ ಬಿಜೆಯ ‘ಕಾರ್ಮೆನ್’ ಆಡಿದಾಗ, ಹೆಣ್ಣಿನ ಕೊಲೆಗೆ ಚಪ್ಪಾಳೆ ತಟ್ಟಬಾರದೆಂದು ಕಾರ್ಮೆನ್‌ಳ ಕೈಗೆ ಪಿಸ್ತೂಲು ಕೊಟ್ಟು ಅವಳ ಕೊಲೆಗಾರನನ್ನೇ ಕೊಲ್ಲಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಪ್ರೇಕ್ಷಕ ನಿರಾಳವಾಗಿ ಮನೆಗೆ ಹೋದರೆ, ಲೋಕದಲ್ಲಿ ಸಾಯುತ್ತಿರುವ ಹೆಂಗಸರ ಲೆಕ್ಕ ಕೇಳುವವರಾರು?

ಬಟರ್‌ಫ್ಲೈಯ ಆ ರಾತ್ರಿಯನ್ನೇ ನೋಡಿ. ಬಂದರಿಗೆ ಹಡಗು ಬಂದಿದೆ. ಕಾಗದದ ಬಾಗಿಲಿಗೆ ಮೂರು ತೂತು: ತನಗೊಂದು, ಸೇವಕಿ ಸುಜುಕಿಗೊಂದು, ಕೆಳಗೆ ಮಗುವಿಗೊಂದು. ಮಗು ನಿದ್ದೆಗೆ ಜಾರುತ್ತದೆ, ಸುಜುಕಿಯೂ ಜಾರುತ್ತಾಳೆ. ತೆರೆಯ ಹಿಂದಿನಿಂದ ಮಾತಿಲ್ಲದ ಗುಂಯ್ಗುಡುವ ಮೇಳಗಾನ. ಅವಳೊಬ್ಬಳು ಮದುವೆಯ ಉಡುಗೆಯಲ್ಲಿ ಅಲುಗಾಡದೆ ಬೆಳಗಿನವರೆಗೆ ನಿಂತಿರುತ್ತಾಳೆ. ಕೊನೆಯಲ್ಲಿ ಮಗನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಅಮೆರಿಕದ ಪುಟ್ಟ ಬಾವುಟ ಕೊಟ್ಟು, ತಂದೆಯ ಕತ್ತಿಯನ್ನು ಎತ್ತಿಕೊಳ್ಳುತ್ತಾಳೆ. ಕಣ್ಣು ಕಟ್ಟಿದ ಆ ಮಗುವಿನ ಕೈಯ ಬಾವುಟಕ್ಕಿಂತ ಖಾರವಾದ ಆರೋಪಪಟ್ಟಿ ಯಾವ ನಿರ್ದೇಶಕ ಬರೆಯಬಲ್ಲ? ಅವಳನ್ನು ಬದುಕಿಸುವುದೆಂದರೆ ಪಿಂಕರ್ಟನ್‌ನನ್ನು ಬಿಡುಗಡೆ ಮಾಡಿದಂತೆ.

ತಿದ್ದಲೇಬೇಕೆಂದಿದ್ದರೆ 1904ಕ್ಕೆ ಹೋಗಿ. ಮಿಲಾನಿನವರೇ ಹೋಗಿದ್ದಾರೆ: 2016ರ ಡಿಸೆಂಬರ್ 7ರಂದು, ರಿಕಾರ್ಡೊ ಶಾಯಿ ಸಂಗೀತ ನಡೆಸಿದ ಪ್ರಯೋಗದಲ್ಲಿ, ಲಾ ಸ್ಕಾಲಾ ತಾನೇ ಹೀಗಳೆದಿದ್ದ ಮೊದಲ ರೂಪದಿಂದ ಆ ವರ್ಷದ ಹಂಗಾಮು ತೆರೆಯಿತು. ಉಳಿದ ರಂಗಮಂದಿರಗಳೂ ಆ ಪ್ರತಿಯನ್ನು ಕೈಗೆತ್ತಿಕೊಳ್ಳಲಿ. ಕಿಮೋನೊ ಬದಲಿಸಿ, ಊರು ಬದಲಿಸಿ, ಬೇಕಾದರೆ ಶತಮಾನವನ್ನೇ ಬದಲಿಸಿ. ಪಿಂಕರ್ಟನ್‌ಗೆ ಆಮೇಲೆ ದಕ್ಕಿದ ಆ ಇಂಪಾದ ಹಾಡನ್ನು ಮಾತ್ರ ಅವನಿಂದ ವಾಪಸು ಪಡೆಯಿರಿ.